ಕಾಣದ ವೈಕಲ್ಯ, ತಲುಪದ ಮಾತು: ಪಾರ್ಕಿಂಗ್ ಪರವಾನಗಿಯಿಂದ ಗಡಿನಾಡಿನ ಮೆಡಿಕಲ್ ಬೋರ್ಡಿನವರೆಗೆ

(ಗಡಿಯಾಚೆಯ ಕನ್ನಡಿಗರ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಸರಿಯಾಗಿ ಕೇಳಿಸ್ತಾ ಉಂಟಲ್ಲ? ಸರಿ, ಶುರು ಮಾಡ್ತೇನೆ.

ಗಡಿನಾಡ ಕನ್ನಡ ಅಂದಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ, ಊರಿನ ಹೆಸರುಗಳ ಬಗ್ಗೆ ಮಾತಾಡ್ತೇವೆ. ಅದೆಲ್ಲ ಬೇಕಾದದ್ದೇ. ನನ್ನ ವಿಷಯ ಕೇಳಿ ಮಾತ್ರ ಸ್ನೇಹಿತರೊಬ್ಬರು, "ಪಾರ್ಕಿಂಗ್ ಚೀಟಿಗೂ ನಮ್ಮ ಕನ್ನಡಕ್ಕೂ ಏನು ಸಂಬಂಧ ಮಾರಾಯ್ರೆ?" ಅಂತ ಕೇಳಿದರು. ಸಂಬಂಧ ಇಷ್ಟು. ಕಾಲು ಇಲ್ಲದವರ ವೈಕಲ್ಯ ನೋಡಿದರೆ ಗೊತ್ತಾಗ್ತದೆ. ತೀವ್ರ ಆತಂಕ, ಗೀಳು ಕಾಯಿಲೆ, ಆಟಿಸಂ ಇಂಥವು ನೋಡಿದರೆ ಗೊತ್ತಾಗುವುದಿಲ್ಲ. ಹೇಳಿದರೆ ಮಾತ್ರ ಗೊತ್ತಾಗ್ತದೆ. ಹೇಳುವುದು ಒಂದು ಭಾಷೆಯಲ್ಲಿ. ಕೇಳಿಸಿಕೊಳ್ಳುವ ಅಧಿಕಾರಿಗೆ ಆ ಭಾಷೆ ಬಾರದಿದ್ದರೆ ಏನಾಗ್ತದೆ? ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತ.

ಇಂಗ್ಲೆಂಡಿನ ನೀಲಿ ಬ್ಯಾಜ್

ಈ ಚರ್ಚೆ ಸ್ಪಷ್ಟವಾಗಿ ನಡೆದದ್ದು ಇಂಗ್ಲೆಂಡಿನಲ್ಲಿ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ಬ್ರಿಟನ್ನಿನಲ್ಲಿ 1970ರಲ್ಲಿ ದೀರ್ಘಕಾಲದ ರೋಗಿಗಳು ಹಾಗೂ ಅಂಗವಿಕಲರ ಕುರಿತ ಒಂದು ಕಾನೂನು ಬಂತು. ಅದನ್ನು ಖಾಸಗಿ ಮಸೂದೆಯಾಗಿ ಸಂಸತ್ತಿಗೆ ತಂದವರು ಆಲ್ಫ್ ಮಾರಿಸ್ ಎಂಬ ಸದಸ್ಯರು. ಆ ಕಾನೂನಿನಡಿ 1971ರಲ್ಲಿ ವಾಹನ ನಿಲುಗಡೆಯ ಬ್ಯಾಜ್ ಶುರುವಾಯಿತು. ಆಗ ಅದರ ಬಣ್ಣ ಕಿತ್ತಳೆ. 2000ದಿಂದ ಯುರೋಪಿನ ಸಮಾನ ಮಾದರಿಗೆ ಹೊಂದಿಕೊಂಡು ನೀಲಿಯಾಯಿತು.

ಇದರಲ್ಲಿ ಗಮನಿಸಬೇಕಾದ ಒಂದು ಅಂಶ ಉಂಟು. ಬ್ಯಾಜ್ ಕೊಡುವುದು ವ್ಯಕ್ತಿಗೆ, ವಾಹನಕ್ಕಲ್ಲ. ತನ್ನ ಕಾರಾಗಲಿ, ಮಗಳ ಕಾರಾಗಲಿ, ಟ್ಯಾಕ್ಸಿಯಾಗಲಿ, ಆ ವ್ಯಕ್ತಿ ಪ್ರಯಾಣ ಮಾಡ್ತಿದ್ದರೆ ಬ್ಯಾಜ್ ಬಳಸಬಹುದು. ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಗರಿಷ್ಠ 10 ಪೌಂಡ್ ಶುಲ್ಕ ಪಡೆದು ಸಾಮಾನ್ಯವಾಗಿ 3 ವರ್ಷಕ್ಕೆ ಕೊಡ್ತದೆ. ದುರ್ಬಳಕೆ ಮಾಡಿದರೆ 1000 ಪೌಂಡ್‌ವರೆಗೆ ದಂಡ.

ಬಹಳ ಕಾಲ ಇದರ ಅಳತೆಗೋಲು ನಡಿಗೆಯೇ ಆಗಿತ್ತು. ಎಷ್ಟು ದೂರ ನಡೆಯಬಲ್ಲಿರಿ, ಎಷ್ಟು ನೋವಾಗ್ತದೆ, ಇಷ್ಟೇ ಲೆಕ್ಕ. ಕಾಲು ಗಟ್ಟಿ ಇದ್ದು ಮನಸ್ಸು ಕೈಕೊಡುವವರಿಗೆ ಅರ್ಜಿಯಲ್ಲಿ ಬರೆಯಲು ಜಾಗವೇ ಸಿಗುತ್ತಿರಲಿಲ್ಲ. 2018ರಲ್ಲಿ ಸಾರ್ವಜನಿಕ ಅಭಿಪ್ರಾಯ ಕೇಳಿ, 2019ರ ಆಗಸ್ಟ್ 30ರಿಂದ ನಿಯಮ ಬದಲಿಸಿದರು. ನಡೆಯುವಾಗ ತುಂಬಾ ಕಷ್ಟವಾಗುವುದು ಎಂದರೆ ತೀವ್ರ ಮಾನಸಿಕ ಯಾತನೆಯೂ ಅದರಲ್ಲಿ ಸೇರಬಹುದು ಎಂದು ಒಪ್ಪಿದರು. ನಡೆಯುವಾಗ ತನಗೋ ಬೇರೆಯವರಿಗೋ ಗಂಭೀರ ಅಪಾಯ ಆಗಬಹುದಾದವರನ್ನೂ ಸೇರಿಸಿದರು.

ಆತಂಕ ಇರುವವರಿಗೆ ಹತ್ತಿರದ ಪಾರ್ಕಿಂಗ್ ಜಾಗ ಯಾಕೆ ಬೇಕು ಅಂತ ನಿಮಗೆ ಅನಿಸಬಹುದು. ಇಲ್ಲಿ ದೂರಕ್ಕಿಂತ ಮುಖ್ಯವಾದದ್ದು ವಾಪಸು ಹೋಗುವ ದಾರಿ. ಎದೆ ಡವಡವ ಹೊಡೆದುಕೊಂಡು ಉಸಿರು ಕಟ್ಟಿದ ಹಾಗೆ ಆದಾಗ ಎರಡು ನಿಮಿಷದಲ್ಲಿ ಕಾರಿಗೆ ಹೋಗಿ ಕೂತುಕೊಳ್ಳಬಹುದು ಎಂಬ ಭರವಸೆ ಇದ್ದರೆ ಅವರು ಮನೆಯಿಂದ ಹೊರಡ್ತಾರೆ. ಇಲ್ಲದಿದ್ದರೆ ಹೊರಡುವುದೇ ಇಲ್ಲ. ಆಟಿಸಂ ಇರುವ ಮಗು ಗದ್ದಲಕ್ಕೆ ಬೆದರಿ ವಾಹನಗಳ ನಡುವೆ ಓಡಿಬಿಡಬಹುದು. ಅಲ್ಲಿ ಮಗು ಕಾರಿನಿಂದ ಬಾಗಿಲಿಗೆ ಹೋಗುವ ಪ್ರತಿ ಹೆಜ್ಜೆಯೂ ಲೆಕ್ಕಕ್ಕೆ ಬರ್ತದೆ.

ಹಾಗಂತ ಆತಂಕ ಉಂಟು ಅಂದವರಿಗೆಲ್ಲ ಬ್ಯಾಜ್ ಸಿಗುವುದಿಲ್ಲ. ಅಲ್ಲಿ ಪಿಐಪಿ ಎಂಬ ಅಂಗವೈಕಲ್ಯ ಭತ್ಯೆ ಉಂಟು. ಅದರ ಮೌಲ್ಯಮಾಪನದಲ್ಲಿ, ವಿಪರೀತ ಮಾನಸಿಕ ಯಾತನೆಯಿಂದ ಯಾವ ಪ್ರಯಾಣವನ್ನೂ ಮಾಡಲಾಗದು ಎಂಬ ನಿರ್ದಿಷ್ಟ ಕಲಮಿನಡಿ 10 ಅಂಕ ಬಂದವರಿಗೆ ಬ್ಯಾಜ್ ನೇರವಾಗಿ ಸಿಗ್ತದೆ. ಉಳಿದವರು ದಾಖಲೆ ಒದಗಿಸಿ, ತಮ್ಮ ದಿನಚರಿ ವಿವರಿಸಿ ಕೌನ್ಸಿಲ್ಲನ್ನು ಒಪ್ಪಿಸಬೇಕು. ಕಾಯಿಲೆಯ ಹೆಸರು ಸಾಕಾಗುವುದಿಲ್ಲ. ಅದರಿಂದ ಬದುಕು ಎಲ್ಲಿ ನಿಂತುಹೋಗಿದೆ ಎಂದು ಹೇಳಬೇಕು.

ಇದಕ್ಕೆ ಎದುರಾದ ಇನ್ನೊಂದು ಮಾದರಿಯೂ ಅದೇ ದೇಶದ್ದು. 2016ರಲ್ಲಿ ಲಂಡನ್ ಬಳಿಯ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಚಿತ್ರದ ಕೊರಳಪಟ್ಟಿ ಶುರುವಾಯಿತು. ಕಾಣದ ವೈಕಲ್ಯ ಇರುವವರು ಅದನ್ನು ಹಾಕಿಕೊಂಡರೆ ಸಿಬ್ಬಂದಿ ಸ್ವಲ್ಪ ಹೆಚ್ಚು ಸಮಯ, ತಾಳ್ಮೆ ಕೊಡ್ತಾರೆ. ಪ್ರಮಾಣಪತ್ರ ಕೇಳುವುದಿಲ್ಲ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇದು ಬಂದಿದೆ. ಕೊಡುವುದು ತಾಳ್ಮೆ ಮಾತ್ರ ಆದರೆ ಪುರಾವೆ ಬೇಡ, ಮಿತವಾದ ಜಾಗವನ್ನೋ ಹಣವನ್ನೋ ಹಂಚಬೇಕಾದರೆ ಪುರಾವೆ ಬೇಕು. ಪುರಾವೆ ಎಂದಕೂಡಲೇ ಮಾತು ಬಂತು.

ನಮ್ಮ ಕಾನೂನು ಏನು ಹೇಳ್ತದೆ

ನಮ್ಮ ದೇಶದಲ್ಲಿ ನೀಲಿ ಬ್ಯಾಜಿನ ಹಾಗೆ ವ್ಯಕ್ತಿಯ ಹೆಸರಿಗೆ ಕೊಡುವ, ಎಲ್ಲ ರಾಜ್ಯಗಳಲ್ಲೂ ನಡೆಯುವ ಪಾರ್ಕಿಂಗ್ ಪರವಾನಗಿ ಇಲ್ಲ. ಸಾರ್ವಜನಿಕ ಕಟ್ಟಡಗಳ ಬಾಗಿಲಿನಿಂದ 30 ಮೀಟರಿನೊಳಗೆ, 3.6 ಮೀಟರ್ ಅಗಲದ ಜಾಗ ಬಿಡಬೇಕೆಂದು ಮಾರ್ಗಸೂಚಿ ಉಂಟು. ನೆಲದ ಮೇಲೆ ಗಾಲಿಕುರ್ಚಿಯ ಗುರುತು ಬಳಿದಿರ್ತಾರೆ. ಆ ಗುರುತು ನೋಡಿದ ಕಾವಲುಗಾರನ ಕಣ್ಣು ಗಾಲಿಕುರ್ಚಿಯನ್ನೇ ಹುಡುಕ್ತದೆ. ನಡೆದುಕೊಂಡು ಇಳಿದವರನ್ನು ಅವನು ಗದರಿಸಿದರೆ ತಪ್ಪು ಅವನೊಬ್ಬನದಲ್ಲ.

ನಮ್ಮಲ್ಲಿ ಬ್ಯಾಜಿನ ಸ್ಥಾನದಲ್ಲಿ ಇರುವುದು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್. ಪಿಂಚಣಿ, ಮೀಸಲಾತಿ, ಪ್ರಯಾಣದ ಸವಲತ್ತು ಎಲ್ಲಕ್ಕೂ ಅದೇ ಬಾಗಿಲು. 1995ರ ಕಾನೂನಿನಲ್ಲಿ 7 ವೈಕಲ್ಯಗಳಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಮಾನಸಿಕ ಕಾಯಿಲೆ ಹಳೆಯ ಪಟ್ಟಿಯಲ್ಲೂ ಇತ್ತು, ಹೊಸದರಲ್ಲೂ ಉಂಟು. ಹೊಸ ಕಾಯ್ದೆಯ ವ್ಯಾಖ್ಯೆ ಕಾಯಿಲೆಗಳ ಹೆಸರು ಹೇಳುವುದಿಲ್ಲ. ಯೋಚನೆ, ಭಾವ, ಗ್ರಹಿಕೆ ಇವು ಕೆಟ್ಟು ದಿನನಿತ್ಯದ ಬದುಕನ್ನು ಗಂಭೀರವಾಗಿ ತೊಡಕಿಗೆ ಸಿಕ್ಕಿಸಿದೆಯೇ ಎಂದು ಕೇಳ್ತದೆ. ಹೆಚ್ಚಿನ ಸವಲತ್ತುಗಳಿಗೆ ವೈಕಲ್ಯ ಶೇ. 40 ಅಥವಾ ಹೆಚ್ಚು ಇರಬೇಕು.

ಈ ಶೇಕಡಾ ಎಲ್ಲಿಂದ ಬರ್ತದೆ? ಅದಕ್ಕೆ ಐಡಿಯಾಸ್ ಎಂಬ ಮಾಪನ ಉಂಟು. ಭಾರತೀಯ ಮನೋವೈದ್ಯರ ಸಂಘ ರೂಪಿಸಿದ್ದು, 2002ರಿಂದ ಬಳಕೆಯಲ್ಲಿದೆ. ಅದು ನಾಲ್ಕು ವಿಷಯ ನೋಡ್ತದೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ಕಾಯಿಲೆಯ ಅವಧಿಗೆ ಮತ್ತೆ 4ರವರೆಗೆ. ಒಟ್ಟು 20. ಒಟ್ಟು 6 ಬಂದರೆ ಶೇ. 40ಕ್ಕಿಂತ ಕಡಿಮೆ. 7 ಬಂದರೆ ಶೇ. 40 ಮುಟ್ಟಿತು.

6 ಮತ್ತು 7. ದಯವಿಟ್ಟು ಈ ಎರಡು ಸಂಖ್ಯೆಗಳನ್ನು ನೆನಪಿಡಿ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಆ ಮಾಪನ ಮಾಡುವಾಗ ಗಮನದಲ್ಲಿದ್ದದ್ದು ಸ್ಕಿಜೋಫ್ರೇನಿಯಾ, ಬೈಪೋಲಾರ್, ಮರೆಗುಳಿತನ ಮತ್ತು ಗೀಳು ಕಾಯಿಲೆ, ಅಂದರೆ ಒಸಿಡಿ. ಬರೀ ಆತಂಕ ಎಂಬ ಹೆಸರಿನಲ್ಲಿ ಬೋರ್ಡಿನ ಮುಂದೆ ಹೋದವರ ಹಾದಿ ಸುಲಭದ್ದಲ್ಲ. ರೈಲ್ವೆ ರಿಯಾಯಿತಿಯ ಅಂಗವಿಕಲರ ಪಟ್ಟಿ ನೋಡಿದರೂ ಚಲನೆ, ದೃಷ್ಟಿ, ಶ್ರವಣ-ವಾಕ್, ಬೌದ್ಧಿಕ ವೈಕಲ್ಯಗಳು ಉಂಟು, ಮಾನಸಿಕ ಕಾಯಿಲೆ ಇಲ್ಲ. ಪ್ರಯಾಣವೇ ಸಾಧ್ಯವಾಗದ ಕಾಯಿಲೆ ಪ್ರಯಾಣದ ಸವಲತ್ತಿನ ಪಟ್ಟಿಯಲ್ಲಿಲ್ಲ!

ಒಂದು ಅಂಕ ತಪ್ಪಿದ ಬಗೆ

ಈಗ ನನ್ನದೇ ಒಂದು ತಪ್ಪು ಹೇಳ್ತೇನೆ. ನನ್ನ ಚಿಕ್ಕಮ್ಮನಿಗೆ ಹಲವು ವರ್ಷಗಳಿಂದ ಗೀಳು ಕಾಯಿಲೆ. ಕೈ ತೊಳೆದಷ್ಟೂ ಸಾಲದು, ಸ್ನಾನಕ್ಕೆ ಹೋದರೆ ಎರಡು-ಮೂರು ಗಂಟೆ. ಬಸ್ಸಿನ ಕಂಬಿ ಮುಟ್ಟುವುದು ಅಂದರೆ ಜೀವ ಹೋದ ಹಾಗೆ. ಮನೆಯಲ್ಲಿ ನಾವೆಲ್ಲ "ಅವಳಿಗೆ ಮಡಿ ಜಾಸ್ತಿ" ಅಂತ ಹೇಳಿಕೊಂಡು ಬಂದೆವು. ಕರಾವಳಿಯ ಮನೆಗಳಲ್ಲಿ ಮಡಿ ಎಂಬ ಮಾತಿನ ಹಿಂದೆ ಇಂಥ ಕಾಯಿಲೆ ಎಷ್ಟು ವರ್ಷ ಬೇಕಾದರೂ ಅಡಗಿ ಕೂರಬಹುದು.

ಪ್ರಮಾಣಪತ್ರದ ಮೌಲ್ಯಮಾಪನಕ್ಕೆ ಹೋದಾಗ ಡಾಕ್ಟರು ಮಲಯಾಳಂನಲ್ಲಿ ಕೇಳಿದರು. ಒಳ್ಳೆಯವರು, ಸಮಾಧಾನದಿಂದ ಕೇಳಿದರು. ಚಿಕ್ಕಮ್ಮನಿಗೆ ಅಂಗಡಿಯ ಮಲಯಾಳಂ ಬರ್ತದೆ, ಮನಸ್ಸಿನ ಮಲಯಾಳಂ ಬರುವುದಿಲ್ಲ. ದುಭಾಷಿ ನಾನು. ಸ್ನಾನ, ಶುಚಿ ಎಲ್ಲ ಹೇಗೆ ಅಂತ ಪ್ರಶ್ನೆ ಬಂತು. ಚಿಕ್ಕಮ್ಮ "ಮಡಿ ಸ್ವಲ್ಪ ಹೆಚ್ಚು" ಅಂದರು. ನಾನು "ವೃತ್ತಿ ಕೂಡುತಲಾಣ್" ಅಂದೆ. ಕನ್ನಡದಲ್ಲಿ ವೃತ್ತಿ ಅಂದರೆ ಉದ್ಯೋಗ, ಮಲಯಾಳಂನಲ್ಲಿ ಶುಚಿತ್ವ. ಅಂದರೆ ನಾನು ಹೇಳಿದ್ದು ಇವರು ತುಂಬಾ ಶುಚಿ ಅಂತ! ಹೊರಗೆ ಹೋಗ್ತಾರಾ ಅಂತ ಕೇಳಿದಾಗ ಚಿಕ್ಕಮ್ಮ "ಮಂಡೆಬಿಸಿ ಆಗ್ತದೆ, ಹೋಗುವುದಿಲ್ಲ" ಅಂದರು. ನಾನು ತಲೆನೋವು ಅನ್ನುವ ಅರ್ಥ ಬರುವ ಹಾಗೆ ಹೇಳಿಬಿಟ್ಟೆ. ಮೂರು ಗಂಟೆಯ ಸ್ನಾನದ ವಿಷಯ ಹೇಳಲೇ ಇಲ್ಲ. ಬಾಗಿಲ ಬಳಿ ಇನ್ನೂ ನಾಲ್ಕು ಜನ ನಿಂತಿದ್ದರು. ಮನೆಯ ಮಾನದ ಪ್ರಶ್ನೆ ಅನಿಸಿತು.

ಸ್ವಂತ ಕಾಳಜಿಯ ಅಂಕ 0 ಬಂತು. ಒಟ್ಟು 6. ಡಾಕ್ಟರು ಕೇಳಿಸಿಕೊಂಡದ್ದಕ್ಕೆ ಸರಿಯಾಗಿಯೇ ಅಂಕ ಕೊಟ್ಟಿದ್ದರು. ತಪ್ಪಿದ್ದು ನಡುವಿನ ಮಾತು, ಅಂದರೆ ನಾನು. ಮರುವರ್ಷ ಚಿಕ್ಕಮ್ಮನ ಒಂದು ದಿನದ ದಿನಚರಿಯನ್ನು ಗಂಟೆಗಂಟೆಗೆ ಕನ್ನಡದಲ್ಲಿ ಬರೆದು, ಮಲಯಾಳಂ ಬಲ್ಲ ಅಧ್ಯಾಪಕಿಯೊಬ್ಬರಿಂದ ಅನುವಾದ ಮಾಡಿಸಿ ಕೊಟ್ಟೆವು. ಅಂಕ 7 ದಾಟಿತು. ಕಾಯಿಲೆ ಹೆಚ್ಚಾಗಿರಲಿಲ್ಲ. ಹೇಳಿದ್ದು ಸರಿಯಾಗಿತ್ತು, ಅಷ್ಟೇ.

ಗಡಿಯುದ್ದಕ್ಕೂ ಇದೇ ಕತೆ

ಇದು ಕಾಸರಗೋಡಿನ ಒಂದು ಮನೆಯ ಕತೆ ಮಾತ್ರ ಅಲ್ಲ. ನಾವು ನೆರೆಭಾಷೆ ಕಲಿತಿದ್ದೇವೆ, ಸಂತೆಯಲ್ಲಿ, ಬಸ್ಸಿನಲ್ಲಿ, ತಾಲೂಕು ಕಚೇರಿಯಲ್ಲಿ ನಿಭಾಯಿಸ್ತೇವೆ. ಆದರೆ ಸಂಕಟದ ಮಾತು ಮನೆಯ ಭಾಷೆಯಲ್ಲೇ ಉಳಿದಿರ್ತದೆ. ನೆರೆಭಾಷೆಗಳಲ್ಲಿ ಒಂದೇ ರೂಪದ ಪದ ಬೇರೆ ಅರ್ಥದಲ್ಲಿ ಕೂತಿರ್ತದೆ. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡದವರು "ದಿಗಿಲಾಗ್ತದೆ" ಅಂದರೆ ಅದು ಹೆದರಿಕೆ, ಎದೆ ನಡುಗುವುದು. ತೆಲುಗಿನಲ್ಲಿ ದಿಗುಲು ಅಂದರೆ ಹೆಚ್ಚಾಗಿ ಚಿಂತೆ, ಬೇಸರ. ಗಾಬರಿಯ ಕಾಯಿಲೆ ಬೇಸರವಾಗಿ ದಾಖಲಾಗಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ "ಎದಿ ಹಾರತೈತಿ, ಜೀವಾ ತಳಮಳಸತೈತಿ" ಅಂತಾರೆ. ಅದನ್ನು ಮರಾಠಿಯಲ್ಲಿ ಬರೀ ಹೆದರಿಕೆ ಅಂದರೆ ಅರ್ಧ ಹೋಯಿತು. "ತಲಿ ಕೆಟ್ಟೈತಿ" ಎಂಬ ರೋಸಿಹೋದವರ ಮಾತನ್ನು ಪದಕ್ಕೆ ಪದ ಇಟ್ಟರೆ ಹುಚ್ಚು ಅಂತ ಆಗಿಬಿಡಬಹುದು.

ತಾಳವಾಡಿಯವರಿಗೆ ದಾರಿಯ ಕಷ್ಟ ಬೇರೆ. ಹತ್ತಿರದ ಪೇಟೆ ಚಾಮರಾಜನಗರ, ಆದರೆ ತಾಳವಾಡಿ ಇರುವುದು ಈರೋಡ್ ಜಿಲ್ಲೆಯಲ್ಲಿ. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವು ಇಳಿಯಬೇಕು. ತುಂಬಿದ ಬಸ್ಸಿನಲ್ಲಿ ಕೂತರೆ ಉಸಿರು ಕಟ್ಟುತ್ತದೆ ಎಂಬುದನ್ನು ಸಾಬೀತು ಮಾಡಲು ತುಂಬಿದ ಬಸ್ಸಿನಲ್ಲಿ ಘಟ್ಟ ಇಳಿಯಬೇಕು! ಎಷ್ಟೋ ಜನ ಅರ್ಜಿ ಹಾಕದೇ ಇರುವುದಕ್ಕೆ ಇದೂ ಒಂದು ಕಾರಣ.

ಹಾಗೆಯೇ ಮಂಜೇಶ್ವರ, ಕುಂಬಳೆ ಕಡೆಯವರು ಚಿಕಿತ್ಸೆಗೆ ಹೋಗುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಎಂದು ದೇಶಕ್ಕೇ ಗೊತ್ತಾಯಿತು. ಮಂಗಳೂರಿನ ಡಾಕ್ಟರಿಗೆ ಮಂಡೆಬಿಸಿ ಅಂದರೆ ಅರ್ಥವಾಗ್ತದೆ. ಆದರೆ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ವಾಸದ ಜಿಲ್ಲೆಯ ವೈದ್ಯಾಧಿಕಾರಿಯ ಮುಂದೆ ಹೋಗಬೇಕು. ಅಂದರೆ ನಮ್ಮ ಮಾತು ಅರ್ಥವಾಗುವವರು ಗಡಿಯ ಒಂದು ಕಡೆ, ಅಂಕ ಹಾಕುವವರು ಇನ್ನೊಂದು ಕಡೆ.

ಇರುವ ರಕ್ಷಣೆಗಳು ಕಾಗದಕ್ಕೆ ಮಾತ್ರ

ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಇಲ್ಲವೇ? ಉಂಟು. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲೋ ಒಕ್ಕೂಟದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟಿನೊಂದಿಗೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೂ ಸ್ವಂತ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಅಲ್ಪಸಂಖ್ಯಾತ ಭಾಷಿಕರು ಶೇ. 15ರಿಂದ 20 ಇರುವ ಕಡೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬ ಒಪ್ಪಂದ 1961ರಷ್ಟು ಹಳೆಯದು.

ಇವೆಲ್ಲವನ್ನೂ ಒಟ್ಟಿಗೆ ನೋಡಿ. ಮನವಿ, ಪತ್ರ, ಪ್ರಕಟಣೆ. ಎಲ್ಲವೂ ಕಾಗದದ ಮೇಲಿನ ಭಾಷೆ. ಕಾಣದ ವೈಕಲ್ಯವನ್ನು ಅಳೆಯುವುದು ಮಾತಿನಲ್ಲಿ, ಎದುರು ಕೂತು, ಹತ್ತೋ ಹದಿನೈದೋ ನಿಮಿಷದಲ್ಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಸೆಕ್ಷನ್ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು ಅನ್ನುತ್ತದೆ. ಅದು ಡಾಕ್ಟರು ರೋಗಿಗೆ ಹೇಳುವ ದಿಕ್ಕು. ರೋಗಿ ಡಾಕ್ಟರಿಗೆ ಹೇಳುವ ದಿಕ್ಕಿನ ಭಾಷೆಗೂ ಅಷ್ಟೇ ಬೆಲೆ ಸಿಗಬೇಕು ಎಂಬುದು ನನ್ನ ವಾದ. ಮೆಟ್ಟಿಲಿನ ಪಕ್ಕ ಇಳಿಜಾರು ಹೇಗೋ, ಕಾಣದ ವೈಕಲ್ಯದವರಿಗೆ ದುಭಾಷಿ ಹಾಗೆ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು

ಸರಕಾರ ದುಭಾಷಿಯನ್ನು ಕೊಡುವವರೆಗೆ ಕಾಯಬೇಕಾಗಿಲ್ಲ. ಮೊದಲನೆಯದು, ಮಾತನ್ನು ಕಾಗದ ಮಾಡಿ. ಒಂದು ಸಾಧಾರಣ ದಿನ ಮತ್ತು ಒಂದು ಕೆಟ್ಟ ದಿನ ಹೇಗೆ ಹೋಗ್ತದೆ ಎಂದು ಕನ್ನಡದಲ್ಲಿ ಬರೆಯಿರಿ, ಅನುವಾದ ಜೋಡಿಸಿ, ಎರಡನ್ನೂ ಕೊಡಿ. ಕಾಗದದ ಭಾಷೆಗೆ ಇರುವ ರಕ್ಷಣೆ ಆಗ ನಮ್ಮ ಉಪಯೋಗಕ್ಕೆ ಬರ್ತದೆ.

ಎರಡನೆಯದು, ಕಾಯಿಲೆಯ ಹೆಸರಿಗಿಂತ ನಿಂತುಹೋದ ಕೆಲಸಗಳನ್ನು ಹೇಳಿ. "ಗಾಬರಿ ಆಗ್ತದೆ" ಅನ್ನುವ ಬದಲು "ಎಂಟು ತಿಂಗಳಿನಿಂದ ರೇಷನ್ ಅಂಗಡಿಗೆ ಒಬ್ಬನೇ ಹೋಗಿಲ್ಲ" ಅನ್ನಿ. ಇದು ಯಾವ ಭಾಷೆಗೆ ಹೋದರೂ ಅರ್ಥ ಕೆಡುವುದಿಲ್ಲ.

ಮೂರನೆಯದು, ಆದಷ್ಟು ಮಟ್ಟಿಗೆ ಮನೆಯವರೇ ದುಭಾಷಿ ಆಗಬೇಡಿ. ನಾಚಿಕೆ ಎಲ್ಲಿ ಕತ್ತರಿ ಹಾಕ್ತದೆ ಅಂತ ನಮಗೇ ಗೊತ್ತಾಗುವುದಿಲ್ಲ. ಐಡಿಯಾಸ್ ಮಾಪನದಲ್ಲಿ ಆರೈಕೆ ಮಾಡುವವರ ಹೇಳಿಕೆಗೂ ಹಳೆಯ ಚಿಕಿತ್ಸಾ ದಾಖಲೆಗಳಿಗೂ ಸ್ಥಾನ ಉಂಟು. ಮನೆಯವರು ಸಾಕ್ಷಿಯಾಗಿ ಬರಲಿ, ಅನುವಾದವನ್ನು ಊರಿನ ಅಧ್ಯಾಪಕರೋ ಆಶಾ ಕಾರ್ಯಕರ್ತೆಯೋ ಮಾಡಲಿ.

ನಾಲ್ಕನೆಯದು, ಅಂಕ ಕಡಿಮೆ ಬಂದರೆ ಅಲ್ಲಿಗೇ ಬಿಡಬೇಡಿ. 2016ರ ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಗೆ ಅವಕಾಶ ಕೊಡ್ತದೆ.

ಸಂವಾದದಿಂದ

ಸೊಲ್ಲಾಪುರದಿಂದ ಸೇರಿಕೊಂಡವರೊಬ್ಬರು ಕೇಳಿದರು: "ಸರ, ಹಿಂಗ ಎಲ್ಲಾರಿಗೂ ಕಾರ್ಡ್ ಕೊಟ್ರ ಸುಳ್ಳು ಹೇಳೋವ್ರು ಹೆಚ್ಚಾಗಂಗಿಲ್ಲೇನ್ರಿ?"

ಉತ್ತರ: ಸುಳ್ಳು ಹೇಳುವವರು ಇರ್ತಾರೆ, ಅದಕ್ಕೇ ಇಂಗ್ಲೆಂಡಿನಲ್ಲಿ ದಂಡ ಇಟ್ಟಿದ್ದಾರೆ. ಆದರೆ ಸುಳ್ಳು ಹೇಳುವವನು ಬೋರ್ಡಿನ ಭಾಷೆಯನ್ನು ಚೆನ್ನಾಗಿ ಕಲಿತೇ ಬಂದಿರ್ತಾನೆ. ಭಾಷೆಯ ಅಡ್ಡಿಗೆ ಸಿಕ್ಕಿಬೀಳುವುದು ನಿಜ ಹೇಳುವವರೇ.

ಬದಿಯಡ್ಕ ಕಡೆಯ ಅಧ್ಯಾಪಕಿಯೊಬ್ಬರ ಪ್ರಶ್ನೆ: "ನಮ್ಮಲ್ಲಿ ಕಾರು ಇರುವವರೇ ಕಡಿಮೆ. ಪಾರ್ಕಿಂಗ್ ಮಾತಿನಿಂದ ನಮಗೇನು ಪ್ರಯೋಜನ?"

ಉತ್ತರ: ಸರಿಯಾದ ಪ್ರಶ್ನೆ. ನಮಗೆ ಬೇಕಾದದ್ದು ಬಸ್ಸಿನ ಕಿಟಕಿ ಪಕ್ಕದ ಸೀಟು, ಆಸ್ಪತ್ರೆಯ ಕ್ಯೂನಲ್ಲಿ ಕೂರಲು ಒಂದು ಮೂಲೆ, ಪರೀಕ್ಷೆ ಬರೆಯುವ ಮಗುವಿಗೆ ಒಂದು ಬೇರೆ ಕೋಣೆ. ಇಂಥ ಸಣ್ಣ ಹೊಂದಾಣಿಕೆಗಳಿಗೆ ಶೇ. 40 ಬೇಕೆಂದು ಕಾಯ್ದೆಯೇನೂ ಹೇಳುವುದಿಲ್ಲ. ಟೀಚರೇ, ನಿಮ್ಮ ತರಗತಿಯಲ್ಲಿ ಅಂಥ ಒಂದು ಮಗು ಇದ್ದರೆ ನಾಳೆಯೇ ಶುರು ಮಾಡಬಹುದು. ಆ ಮಗುವಿನ ಕಷ್ಟವನ್ನು ಕನ್ನಡದಲ್ಲಿ ಕೇಳಿ ಬರೆದಿಡಿ. ಮುಂದೆ ಯಾವತ್ತಾದರೂ ಬೋರ್ಡಿನ ಮುಂದೆ ಹೋಗಬೇಕಾಗಿ ಬಂದರೆ ಮೊದಲ ದಾಖಲೆ ಅದೇ ಆಗ್ತದೆ.

ಇಷ್ಟು ಹೇಳಿ ಮುಗಿಸ್ತೇನೆ.